ರಾತ್ರಿ 11 ಗಂಟೆಗೆ ಪೊಲೀಸ್ರು ಫೋನ್ ಅನ್‌ಲಾಕ್ ಮಾಡು ಅಂದ್ರೆ?

ಪ್ರಶ್ನೆ: ಸರ್, ನಮ್ಮೂರು ತುಮಕೂರು ಹತ್ರ. ನನ್ನ ತಮ್ಮ ಬೆಂಗಳೂರಲ್ಲಿ ಬಿಕಾಂ ಓದ್ತಾ ಸಂಜೆ ಹೊತ್ತು ಫುಡ್ ಡೆಲಿವರಿ ಮಾಡ್ತಾನೆ. ಹೋದ ವಾರ ರಾತ್ರಿ 11ರ ಹೊತ್ತಿಗೆ ನಾಕಾಬಂದಿಯಲ್ಲಿ ಗಾಡಿ ನಿಲ್ಸಿ ಡಿಎಲ್, ಆರ್‌ಸಿ ನೋಡಿದ್ಮೇಲೆ ಫೋನ್ ಅನ್‌ಲಾಕ್ ಮಾಡ್ಸಿ ವಾಟ್ಸಾಪ್, ಗ್ಯಾಲರಿ ಎಲ್ಲಾ ನೋಡಿದ್ರಂತೆ. ಯಾವುದೋ ಪ್ರತಿಭಟನೆಯ ಪೋಸ್ಟರ್ ಯಾರೋ ಫಾರ್ವರ್ಡ್ ಮಾಡಿದ್ದಿತ್ತು, ಅದರ ಫೋಟೋ ತಗೊಂಡು ಇವನ ನಂಬರ್ ಬರ್ಕೊಂಡು ಕಳ್ಸಿದ್ದಾರೆ. ಎರಡು ದಿನ ಬಿಟ್ಟು ಫೋನ್ ಬಂತು, "ಸ್ಟೇಷನ್‌ಗೆ ಬಂದು ಹೋಗು, ಸಾಹೇಬ್ರು ಮಾತಾಡ್ಬೇಕಂತೆ" ಅಂತ. ಅವನು ಹೆದರಿ ರೂಮ್‌ಗೆ ಬೀಗ ಹಾಕಿ ಊರಿಗೆ ಬಂದು ಕೂತಿದ್ದಾನೆ. ನಮ್ಮಪ್ಪ ಬಸ್ ಕಂಡಕ್ಟರ್ ಆಗಿ ರಿಟೈರ್ ಆದವರು, "ತಪ್ಪು ಮಾಡಿಲ್ಲ ಅಂದ್ರೆ ಫೋನ್ ತೋರ್ಸಕ್ಕೆ ಏನು ಭಯ, ಬಾಂಬ್ ಇಡೋರ ಕಾಲದಲ್ಲಿ ಪೊಲೀಸ್ರು ಇಷ್ಟಾದ್ರೂ ಮಾಡ್ಬೇಡ್ವಾ" ಅಂತಾರೆ. ಅಪ್ಪ ಹೇಳೋದ್ರಲ್ಲೂ ಅರ್ಥ ಇದೆ ಅನ್ಸುತ್ತೆ. ಪೊಲೀಸ್ರು ಹಂಗೆ ನೋಡ್ಬಹುದಾ? ಅವನು ಈಗ ಸ್ಟೇಷನ್‌ಗೆ ಹೋಗ್ಬೇಕಾ?

ಉತ್ತರ:

ಮೊದಲು ತಮ್ಮನಿಗೆ ಒಂದು ಮಾತು ಹೇಳಿ, ಫೋನಿಂದ ಏನನ್ನೂ ಡಿಲೀಟ್ ಮಾಡ್ಬೇಡ ಅಂತ. ಆ ಪೋಸ್ಟರೂ ಇರ್ಲಿ, ಆ ಗ್ರೂಪೂ ಇರ್ಲಿ. ಹೆದರಿದ ಹುಡುಗ್ರು ಮಾಡೋ ಮೊದಲ ಕೆಲಸನೇ ಫೋನ್ ರೀಸೆಟ್ ಮಾಡೋದು, ಏನೂ ಇಲ್ಲದ ಕಡೆ "ಸಾಕ್ಷ್ಯ ನಾಶ ಮಾಡಿದ್ದಾನೆ" ಅಂತ ಒಂದು ಸಾಲು ಬರೆಯೋಕೆ ತಾವೇ ಪೆನ್ನು ಕೊಟ್ಟಂಗಾಗುತ್ತೆ. ಎರಡನೇದು, ಊರಲ್ಲಿ ಬಂದು ಕೂತ್ಕೊಳ್ಳೋದೂ ಒಳ್ಳೇದಲ್ಲ, "ತಲೆಮರೆಸಿಕೊಂಡಿದ್ದಾನೆ" ಅನ್ನೋ ಪದ ನಮ್ಮ ಸ್ಟೇಷನ್‌ಗಳಲ್ಲಿ ಬಹಳ ಸಸ್ತಾ. ಅವನು ಏನು ಮಾಡ್ಬೇಕು ಅನ್ನೋದನ್ನ ಕೊನೇಲಿ ಹೇಳ್ತೀನಿ, ಅದಕ್ಕಿಂತ ಮುಂಚೆ ನಿಮ್ಮಪ್ಪನ ಪ್ರಶ್ನೆಗೆ ಬರ್ತೀನಿ, ಯಾಕಂದ್ರೆ 26 ವರ್ಷದ ವಕಾಲತ್ತಿನಲ್ಲಿ ಕಕ್ಷಿದಾರರ ಮನೆಯ ಹಿರಿಯರಿಂದ ನಾನು ಅತಿ ಹೆಚ್ಚು ಕೇಳಿರೋ ಪ್ರಶ್ನೆ ಇದೇ.

ಅಪ್ಪನ್ನ ಒಂದು ವಿಷಯ ಕೇಳಿ ನೋಡಿ. ಚೆಕಿಂಗ್‌ನವರು ದಾರಿಯಲ್ಲಿ ಬಸ್ ನಿಲ್ಸಿ ಹತ್ತಿದಾಗ ಏನಾಗ್ತಿತ್ತು? ಅವರು ಯಾವ ಸ್ಟೇಜಲ್ಲಿ ಹತ್ತಿದ್ರು, ಎಷ್ಟು ಹೊತ್ತಿಗೆ, ಬಸ್ಸಲ್ಲಿ ಎಷ್ಟು ಜನ ಇದ್ರು, ಟಿಕೆಟ್ ನಂಬರ್ ಎಲ್ಲಿಗೆ ಬಂದಿತ್ತು ಇದೆಲ್ಲಾ ವೇಬಿಲ್‌ನಲ್ಲಿ, ಅಂದ್ರೆ ಕಂಡಕ್ಟರ್ ಹತ್ರ ಇರೋ ಲೆಕ್ಕದ ಹಾಳೇಲಿ, ಬರ್ದು ಸೈನ್ ಹಾಕ್ತಿದ್ರು ತಾನೆ? ಟಿಕೆಟ್ ಕೊಡದ ಒಬ್ಬ ಪ್ಯಾಸೆಂಜರ್ ಸಿಕ್ಕಿದ್ರೆ ಮೆಮೊ ಕೊಡ್ತಿದ್ರು, ಅದಕ್ಕೆ ಅಪ್ಪ ಉತ್ತರ ಬರ್ದು ಕೊಡ್ತಿದ್ರು, ಆಮೇಲೆ ವಿಚಾರಣೆ. ಅದೇ ಚೆಕಿಂಗ್‌ನವನು ಏನೂ ಬರೀದೆ, ಯೂನಿಫಾರ್ಮ್ ಜೇಬಿಗೆ ಕೈ ಹಾಕಿ, ಪರ್ಸ್ ತೆಗೆದು, ಅದರಲ್ಲಿದ್ದ ಮನೆ ಕಾಗದ ಓದಿ, "ನಾಳೆ ಡಿಪೋಗೆ ಬಾ ನೋಡ್ಕೋತೀನಿ" ಅಂದು ಇಳ್ದು ಹೋಗಿದ್ರೆ ಅಪ್ಪ ಸುಮ್ನೆ ಇರ್ತಿದ್ರಾ? ಯೂನಿಯನ್‌ನವ್ರು ಅವತ್ತೇ ಡಿಪೋ ಮುಂದೆ ಕೂರ್ತಿದ್ರು. ಚೆಕಿಂಗೇ ಬೇಡ ಅಂತ ಯಾವ ಕಂಡಕ್ಟರೂ ಹೇಳಲ್ಲ. ನಾನೂ ನಾಕಾಬಂದಿ ಬೇಡ ಅನ್ನಲ್ಲ. ನನ್ನ ತಕರಾರು ವೇಬಿಲ್ ಬಗ್ಗೆ.

ಬಾಂಬ್ ವಿಷಯ ಸುಳ್ಳು ಅಂತಲೂ ಅಲ್ಲ. 2008ರ ಜುಲೈ 25ಕ್ಕೆ ಬೆಂಗಳೂರಲ್ಲಿ ಸಾಲಾಗಿ ಸ್ಫೋಟ ಆದಾಗ ನಾನು ಸಿಟಿ ಸಿವಿಲ್ ಕೋರ್ಟಲ್ಲಿದ್ದೆ, ಮನೆಗೆ ಫೋನ್ ಸಿಗ್ತಾ ಇರ್ಲಿಲ್ಲ, ಆ ಅರ್ಧ ಗಂಟೆ ಮರೆಯೋಕೆ ಆಗಲ್ಲ. 2014ರ ಚರ್ಚ್ ಸ್ಟ್ರೀಟ್, 2022ರ ಮಂಗಳೂರು ಕುಕ್ಕರ್, 2024ರ ಮಾರ್ಚ್ 1ರ ರಾಮೇಶ್ವರಂ ಕೆಫೆ. ಆದ್ರೆ ಆ ಕೆಫೆ ಕೇಸಲ್ಲಿ ಆರೋಪಿಗಳು ಹೇಗೆ ಸಿಕ್ಕಿದ್ರು ನೆನಪು ಮಾಡ್ಕೊಳ್ಳಿ. ಸಿಸಿಟಿವಿ ಒಂದಾದ್ಮೇಲೆ ಒಂದು ಕೂತು ನೋಡಿ, ಬಿಟ್ಟು ಹೋಗಿದ್ದ ಒಂದು ಕ್ಯಾಪ್ ಹಿಂದೆ ಬಿದ್ದು, ಒಂದೂವರೆ ತಿಂಗಳೊಳಗೆ ಪಶ್ಚಿಮ ಬಂಗಾಳದಲ್ಲಿ ಹಿಡಿದ್ರು. ಒಂದು ಎಳೆ ಹಿಡ್ಕೊಂಡು ಹೋಗೋದು ತನಿಖೆ ಅಂದ್ರೆ. ರಾತ್ರಿ ಬಿರಿಯಾನಿ ಪಾರ್ಸಲ್ ಕೊಟ್ಟು ವಾಪಸ್ ಬರ್ತಿರೋ ಹುಡುಗ್ರ ಫ್ಯಾಮಿಲಿ ಗ್ರೂಪ್ ಓದೋದ್ರಿಂದ ಯಾವ ಬಾಂಬೂ ಸಿಗಲ್ಲ, ಪೊಲೀಸ್ನೋರಿಗೂ ಅದು ಗೊತ್ತು. 2021ರಲ್ಲಿ ಹೈದರಾಬಾದಲ್ಲಿ ಗಾಂಜಾ ಹುಡುಕ್ತೀವಿ ಅಂತ ದಾರೀಲಿ ಹೋಗೋರ ವಾಟ್ಸಾಪ್ ತೆಗೆಸಿ ನೋಡ್ತಿದ್ದ ವಿಡಿಯೋ ಎಲ್ಲಾ ಕಡೆ ಓಡಾಡ್ತು, ಆಮೇಲೆ ಆ ಚಾಳಿ ಊರೂರಿಗೆ ಹರಡಿದೆ ಅಷ್ಟೆ.

ಈಗ ಕಾನೂನು ಏನನ್ನುತ್ತೆ. ನಾಕಾಬಂದಿಯಲ್ಲಿ ಗಾಡಿ ನಿಲ್ಸ್ಬಹುದು, ಡಿಎಲ್, ಆರ್‌ಸಿ, ಇನ್ಶೂರೆನ್ಸ್ ಕೇಳ್ಬಹುದು, ಕುಡಿದಿದ್ದೀಯಾ ಅಂತ ಊದಿಸ್ಬಹುದು. ಫೋನ್ ಒಳಗೆ ನೋಡೋದು ಬೇರೆ ವಿಷಯ. 2024ರ ಜುಲೈ 1ರಿಂದ ತನಿಖೆ, ಅರೆಸ್ಟು ಹೇಗೆ ನಡೀಬೇಕು ಅನ್ನೋ ಹಳೇ ಕಾನೂನು ಸಿಆರ್‌ಪಿಸಿ ಹೋಗಿ ಬಿಎನ್‌ಎಸ್‌ಎಸ್ ಬಂದಿದೆ, ಅದರ ಸೆಕ್ಷನ್ 94ರಲ್ಲಿ ಫೋನ್ ಥರದ ಸಾಧನ ಹಾಜರುಪಡಿಸು ಅಂತ ಸ್ಟೇಷನ್ ಅಧಿಕಾರಿ ಲಿಖಿತ ಆದೇಶ ಕೊಡ್ಬಹುದು, ಆದ್ರೆ ಅದು ಒಂದು ತನಿಖೆಗೋ ವಿಚಾರಣೆಗೋ ಬೇಕಾಗಿದ್ದಾಗ. ಸೆಕ್ಷನ್ 185ರಲ್ಲಿ ವಾರಂಟ್ ಇಲ್ದೆ ಅರ್ಜೆಂಟಾಗಿ ಸರ್ಚ್ ಮಾಡ್ಬಹುದು, ಆದ್ರೆ ಯಾಕೆ ಅರ್ಜೆಂಟು, ಏನು ಹುಡುಕ್ತಿದ್ದೀನಿ ಅಂತ ಮೊದಲು ಬರೀಬೇಕು, ಆ ಬರಹದ ಪ್ರತಿ 48 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್‌ಗೆ ಹೋಗ್ಬೇಕು. ಸೆಕ್ಷನ್ 105 ಪ್ರಕಾರ ಸರ್ಚನ್ನೂ ವಶಪಡಿಸ್ಕೊಳ್ಳೋದನ್ನೂ ವಿಡಿಯೋ ಮಾಡ್ಬೇಕು. ನೋಡಿ, ಪ್ರತಿಯೊಂದರಲ್ಲೂ ಯಾರೋ ಒಬ್ರು ಹೆಸರು ಹಾಕಿ ಕಾರಣ ಬರ್ದು ಇನ್ನೊಬ್ರಿಗೆ ತೋರಿಸ್ಬೇಕು. ಎಫ್‌ಐಆರೂ ಇಲ್ದೆ, ಅನುಮಾನಕ್ಕೆ ಕಾರಣನೂ ಇಲ್ದೆ ಸಾಲಾಗಿ ನಿಲ್ಸಿ ಫೋನ್ ಒಳಗೆ ಕೈ ಹಾಕಿ ಅಂತ ಹೇಳೋ ಸೆಕ್ಷನ್ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ನಮ್ಮ ಕರ್ನಾಟಕ ಹೈಕೋರ್ಟೇ ಈ ಬಗ್ಗೆ 2021ರ ಮಾರ್ಚಲ್ಲಿ ವೀರೇಂದ್ರ ಖನ್ನಾ ಕೇಸಲ್ಲಿ ವಿವರವಾಗಿ ಬರ್ದಿದೆ. ಆ ತೀರ್ಪು ಎರಡೂ ಕಡೆ ಕುಯ್ಯೋ ಕತ್ತಿ, ಹಾಗಾಗಿ ಅರ್ಧ ಓದಿ ಫಾರ್ವರ್ಡ್ ಮಾಡ್ಬೇಡಿ. ಒಂದು ಕಡೆ, ಸಾಮಾನ್ಯವಾಗಿ ಫೋನ್ ಸರ್ಚ್ ಮಾಡೋಕೆ ವಾರಂಟ್ ಬೇಕು, ಇನ್ನೊಂದು ಕಡೆ ಕೋರ್ಟ್ ಮೂಲಕ ಪಾಸ್‌ವರ್ಡ್ ಕೊಡಿ ಅಂತ ಕೇಳಿದ್ರೆ ಅದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂಗೆ ಆಗಲ್ಲ ಅಂತಲೂ ಹೇಳಿದೆ. ಈ ಎರಡನೇ ಮಾತು ನನಗೆ ಒಪ್ಪಿಗೆ ಇಲ್ಲ, ಬೇರೆ ಕಡೆ ಕೋರ್ಟುಗಳೂ ಬೇರೆ ಥರ ಹೇಳಿವೆ, ಇರ್ಲಿ. ಆದ್ರೆ ಈ ತೀರ್ಪಲ್ಲೂ ನಡುವೆ ಒಂದು ಕೋರ್ಟ್ ಇದೆ, ರಸ್ತೆ ಬದಿಯ ಬ್ಯಾರಿಕೇಡ್ ಇಲ್ಲ. ಇದರ ಹಿಂದಿರೋ ದೊಡ್ಡ ತೀರ್ಪು ನಿಮಗೆ ಗೊತ್ತೇ ಇರುತ್ತೆ, 2017ರ ಆಗಸ್ಟ್ 24ರ ಪುಟ್ಟಸ್ವಾಮಿ ಕೇಸು, ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ 9 ಜಡ್ಜುಗಳು ಒಮ್ಮತದಿಂದ ಹೇಳಿದ್ದು. ಆ ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ಜಡ್ಜು, ಅರ್ಜಿ ಹಾಕಿದಾಗ ಎಂಬತ್ತು ದಾಟಿತ್ತು. ರಿಟೈರ್ ಆದ್ಮೇಲೆ ಮನೇಲಿ ಪೇಪರ್ ಓದ್ಕೊಂಡು ಇರ್ಬಹುದಿತ್ತು ಪಾಪ.

ನಿಜವಾಗಿ ರಸ್ತೇಲಿ ನಿಂತಾಗ ಏನು ಮಾಡೋದು? ವಾಟ್ಸಾಪಲ್ಲಿ ಬರೋ ವಕೀಲರ ರೀಲ್ಸ್ ನೋಡಿ "ನನ್ನ ಫೋನ್ ಮುಟ್ಟಂಗಿಲ್ಲ, ಆರ್ಟಿಕಲ್ 21" ಅಂತ ಕೂಗಾಡೋಕೆ ಹೋಗ್ಬೇಡಿ, ರಾತ್ರಿ 11 ಗಂಟೆಗೆ ಒಬ್ಬನೇ ಇರೋ ಹುಡುಗನಿಗೆ ಆರ್ಟಿಕಲ್ 21 ಬಂದು ಗಾಡಿ ಬಿಡಿಸ್ಕೊಡಲ್ಲ. ಮೆತ್ತಗೆ ಕೇಳ್ಬೇಕು: "ಯಾವ ಕೇಸ್ ಸರ್, ಎಫ್‌ಐಆರ್ ನಂಬರ್ ಹೇಳ್ತೀರಾ, ನೋಟಿಸ್ ಕೊಟ್ರೆ ನಾಳೆ ಬಂದು ತೋರಿಸ್ತೀನಿ." ಹತ್ತರಲ್ಲಿ ಆರು ಜನ ಅಲ್ಲೇ "ಹೋಗಯ್ಯ" ಅಂತ ಬಿಟ್ಟುಬಿಡ್ತಾರೆ, ಇದು ನನ್ನ ಅಂದಾಜು, ಲೆಕ್ಕ ಹಾಕಿದ್ದಲ್ಲ. ಉಳಿದೋರು ಜೋರು ಮಾಡಿದ್ರೆ, ತೋರಿಸಿ. ಹೌದು, ತೋರಿಸಿ ಅಂತಲೇ ಹೇಳ್ತಿದೀನಿ. ಏಟು ತಿನ್ನೋದಕ್ಕಿಂತ, "ಕರ್ತವ್ಯಕ್ಕೆ ಅಡ್ಡಿ" ಅಂತ ಕೇಸ್ ಹಾಕಿಸ್ಕೊಳ್ಳೋದಕ್ಕಿಂತ ಅದು ವಾಸಿ. ಆದ್ರೆ "ನನಗೆ ಒಪ್ಪಿಗೆ ಇಲ್ಲ ಸರ್, ನೀವು ಹೇಳಿದ್ದಕ್ಕೆ ಕೊಡ್ತಿದೀನಿ" ಅಂತ ಒಂದು ಸಾರಿ ಬಾಯಿ ಬಿಟ್ಟು ಹೇಳಿ ಕೊಡಿ, ಎದೆ ಮೇಲಿನ ಹೆಸರು, ಗಾಡಿ ನಂಬರ್, ಟೈಮು, ಜಾಗ ನೆನಪಿಟ್ಕೊಳ್ಳಿ, ಮುಂದಿನ ಟೀ ಅಂಗಡಿ ಹತ್ರ ನಿಲ್ಸಿ ಬರ್ಕೊಳ್ಳಿ. ಅವತ್ತು ರಾತ್ರೀನೇ ಡಿಸಿಪಿ ಆಫೀಸಿಗೆ ಒಂದು ಇಮೇಲ್. ನಾಲ್ಕು ಸಾಲು ಸಾಕು. ಆರು ತಿಂಗಳ ಮೇಲೆ ಎಷ್ಟು ದೊಡ್ಡ ಅಫಿಡವಿಟ್ ಬರ್ದ್ರೂ ಆ ನಾಲ್ಕು ಸಾಲಿನ ತೂಕ ಬರಲ್ಲ.

ಸ್ಟೇಷನ್‌ಗೆ "ಬಂದು ಹೋಗು" ಅನ್ನೋ ಫೋನ್ ಕಾಲ್ ವಿಷಯ. ಹಂಗೆ ಕರೆಯೋಕೆ ಕಾನೂನಲ್ಲಿ ಜಾಗ ಇಲ್ಲ. ಆರೋಪಿ ಅಂತ ಕರೆಯೋದಾದ್ರೆ ಸೆಕ್ಷನ್ 35(3)ರ ನೋಟಿಸ್, ಸಾಕ್ಷಿ ಅಂತ ಆದ್ರೆ ಸೆಕ್ಷನ್ 179ರ ಲಿಖಿತ ಆದೇಶ. 35ರ ನೋಟಿಸನ್ನ ವಾಟ್ಸಾಪಲ್ಲಿ ಕಳ್ಸಿದ್ರೆ ಅದು ನೋಟಿಸೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ, ಕೈಗೆ ಕೊಡ್ಬೇಕು. ನೋಟಿಸ್ ಪ್ರಕಾರ ಹಾಜರಾಗ್ತಾ ಇದ್ರೆ ಸುಮ್ಸುಮ್ನೆ ಅರೆಸ್ಟ್ ಮಾಡೋ ಹಾಗಿಲ್ಲ, ಮಾಡೋದಾದ್ರೆ ಕಾರಣ ಬರೀಬೇಕು. ಅದಕ್ಕೇ ಬಾಯಿ ಮಾತಲ್ಲಿ ಕರೆಯೋದು. ಬಾಯಿ ಮಾತಿಗೆ ತಾರೀಖೂ ಇರಲ್ಲ, ಸೆಕ್ಷನ್ನೂ ಇರಲ್ಲ, ನಾಳೆ "ನಾವು ಕರೆದೇ ಇಲ್ಲ, ಅವನೇ ಬಂದಿದ್ದ" ಅನ್ನಬಹುದು.

ತಾರೀಖು, ಟೈಮು ಎಷ್ಟು ಮುಖ್ಯ ಅನ್ನೋಕೆ ನನ್ನದೇ ಒಂದು ಕೇಸ್ ಹೇಳ್ತೀನಿ, ಹೆಸರು ಊರು ಬೇಡ. ಗ್ಯಾರೇಜಲ್ಲಿ ಕೆಲ್ಸ ಮಾಡೋ ಹುಡುಗ, ಬೆಳಗಿನ ಜಾವ ಮನೆಗೆ ಜೀಪ್ ಬಂದು ಎತ್ಕೊಂಡು ಹೋಯ್ತು. ಅವನ ತಂಗಿ ಹಾಲಿನ ಪ್ಯಾಕೆಟ್ ತರೋಕೆ ಬಾಗ್ಲು ತೆಗೆದಿದ್ದವಳು ಅಣ್ಣನ್ನ ಹತ್ತಿಸ್ತಿರೋದು ನೋಡಿ ಗಾಬರೀಲೇ ಮೊಬೈಲಲ್ಲಿ ಒಂದು ಫೋಟೋ ತೆಗೆದಳು, ಅರ್ಧ ಬಾಗ್ಲು, ಅರ್ಧ ಜೀಪಿನ ಹಿಂಭಾಗ, ನಂಬರ್ ಪ್ಲೇಟ್ ಮಾತ್ರ ಕಾಣ್ತಿತ್ತು. ಟೈಮ್ 5:20. ಮಾರನೇ ದಿನ ರಾತ್ರಿ ಮ್ಯಾಜಿಸ್ಟ್ರೇಟ್ ಮನೆಗೆ ಹಾಜರುಪಡಿಸಿದಾಗ ಅರೆಸ್ಟ್ ಮೆಮೊ ನೋಡಿದ್ರೆ "ಇಂದು ಸಂಜೆ 6:30ಕ್ಕೆ ಬಸ್ ನಿಲ್ದಾಣದ ಬಳಿ ಅನುಮಾನಾಸ್ಪದವಾಗಿ ತಿರುಗಾಡುತ್ತಿದ್ದಾಗ" ಅಂತ ಇದೆ. 24 ಗಂಟೆ ಒಳಗೆ ಹಾಜರುಪಡಿಸ್ಬೇಕು ಅಂತ ಸಂವಿಧಾನದ 22ನೇ ವಿಧಿ ಹೇಳುತ್ತಲ್ಲ, ಒಂದೂವರೆ ದಿನ ಕಾಗದದ ಮೇಲಿಂದ ಮಾಯ! ಮ್ಯಾಜಿಸ್ಟ್ರೇಟ್ ಕೇಳಿದ್ರು "ಯಾವಾಗ ಕರ್ಕೊಂಡು ಬಂದ್ರಪ್ಪ, ಹೊಡೆದ್ರಾ" ಅಂತ. ಹುಡುಗ ಪಕ್ಕದಲ್ಲಿ ನಿಂತಿದ್ದ ಪೇದೆ ಮುಖ ನೋಡಿ "ಇಲ್ಲ ಸಾರ್" ಅಂದ. ಅಲ್ಲಿಗೆ ಮುಗೀತಿತ್ತು. ತಂಗಿ ಗೇಟ್ ಆಚೆ ಅಳ್ತಾ ನಿಂತಿದ್ದಳು, ಅವಳ ಫೋನ್ ಇಸ್ಕೊಂಡು ಹೋಗಿ ತೋರಿಸ್ದೆ, ಅವರು ಕನ್ನಡಕ ಹಾಕ್ಕೊಂಡು ಎರಡು ಸಾರಿ ಝೂಮ್ ಮಾಡಿ ನೋಡಿ ಆರ್ಡರ್ ಶೀಟಲ್ಲಿ ಬರ್ಕೊಂಡ್ರು. ಆ ಒಂದು ಸಾಲಿಂದ ಮುಂದೆ ಜಾಮೀನು ಸಲೀಸಾಯ್ತು. ಮ್ಯಾಜಿಸ್ಟ್ರೇಟ್ ಕೇಳೋ ಆ ಪ್ರಶ್ನೆಗೆ ಬಾಯಿ ಬಿಡ್ಬೇಕು, ಇದನ್ನ ಮನೆಯ ಹುಡುಗ್ರಿಗೆ ಮೊದ್ಲೇ ಹೇಳಿಕೊಟ್ಟಿರಿ, ಆಮೇಲೆ ಹೇಳಿದ್ರೆ "ವಕೀಲರು ಹೇಳಿಕೊಟ್ಟಿದ್ದು" ಅಂತಾರೆ.

ಅರೆಸ್ಟ್ ಮೆಮೊ, ಅದಕ್ಕೆ ಮನೆಯವರೋ ಅಕ್ಕಪಕ್ಕದವರೋ ಸಾಕ್ಷಿ ಸೈನ್, ಮನೆಗೆ ತಿಳಿಸೋದು, ಪೊಲೀಸ್ನೋರು ಎದೆ ಮೇಲೆ ಹೆಸರಿನ ಪಟ್ಟಿ ಹಾಕ್ಕೊಳ್ಳೋದು ಇವೆಲ್ಲಾ 1996ರ ಡಿ.ಕೆ. ಬಸು ತೀರ್ಪಿಂದ ಬಂದಿದ್ದು, ಈಗ ಬಿಎನ್‌ಎಸ್‌ಎಸ್ ಸೆಕ್ಷನ್ 36, 48ರಲ್ಲಿ ಕೂತಿದೆ. ಇತ್ತೀಚೆಗೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಯಾಕೆ ಅರೆಸ್ಟ್ ಮಾಡ್ತಿದ್ದೀವಿ ಅನ್ನೋದನ್ನ ಬರವಣಿಗೆಯಲ್ಲಿ ಕೊಡ್ಬೇಕು ಅಂತ 2023ರಲ್ಲಿ ಇ.ಡಿ. ಕೇಸುಗಳಿಗೆ, 2024ರ ಮೇನಲ್ಲಿ ಭಯೋತ್ಪಾದನೆ ವಿರುದ್ಧದ ಯುಎಪಿಎ ಕಾಯ್ದೆಗೆ, 2025ರ ನವೆಂಬರಲ್ಲಿ ಎಲ್ಲಾ ಅಪರಾಧಕ್ಕೂ ಅಂತ ಸುಪ್ರೀಂ ಕೋರ್ಟ್ ಹೇಳ್ತು, ಅದೂ ಆ ಮನುಷ್ಯನಿಗೆ ಅರ್ಥ ಆಗೋ ಭಾಷೇಲಿ. ಅಂದ್ರೆ ತುಮಕೂರಿನ ಹುಡುಗನಿಗೆ ಇಂಗ್ಲಿಷಲ್ಲಿ ಟೈಪ್ ಮಾಡಿದ ಎರಡು ಶೀಟ್ ಕೊಟ್ಟು ಸೈನ್ ಹಾಕಿಸ್ಕೊಂಡ್ರೆ ನಡೆಯಲ್ಲ. ಅರ್ಥ ಆಗದ ಕಾಗದಕ್ಕೆ ಸೈನ್ ಹಾಕಲೇಬೇಕಾದ್ರೆ "ಓದಿ ಹೇಳಿಲ್ಲ" ಅಂತ ಕನ್ನಡದಲ್ಲೇ ಪಕ್ಕದಲ್ಲಿ ಬರ್ದು ಸೈನ್ ಹಾಕಿ.

ಇಷ್ಟೊಂದು ಕಾಗದ ಕಾಗದ ಅಂತ ಯಾಕೆ ಬಡ್ಕೋತಿದ್ದೀನಿ ಅಂದ್ರೆ, ಸರ್ಕಾರ ಭದ್ರತೆ ಹೆಸರಲ್ಲಿ ಕೈ ಉದ್ದ ಮಾಡ್ದಾಗೆಲ್ಲಾ ಮೊದಲು ಕಿತ್ಕೊಂಡಿದ್ದು ಈ ಕಾಗದನೇ. ವಿಚಾರಣೆ ಇಲ್ದೆ ಒಳಗಿಡೋ ಮೀಸಾ ಕಾಯ್ದೆ ಬಂದಿದ್ದು 1971ರಲ್ಲಿ, ಬಾಂಗ್ಲಾ ಗಲಾಟೆ ಟೈಮು, ಹೊರಗಿನ ಶತ್ರು, ಗೂಢಚಾರರು ಅಂತೆಲ್ಲಾ ಹೇಳಿದ್ರು. ನಾಲ್ಕೇ ವರ್ಷಕ್ಕೆ, ತುರ್ತು ಪರಿಸ್ಥಿತಿ ಹೇರಿದ ಮಾರನೇ ದಿನ, 1975ರ ಜೂನ್ 26ರ ಬೆಳಿಗ್ಗೆ, ಸಂಸದೀಯ ಸಮಿತಿ ಮೀಟಿಂಗಿಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಅರೆಸ್ಟ್ ಆದ್ರು. ಅವರೇನು ಗೂಢಚಾರರಾ? ಬಂಧನಕ್ಕೆ ಕಾರಣ ತಿಳಿಸೋದೇ ಬೇಡ ಅಂತ ಆ ಕಾಯ್ದೆಗೆ 16ಎ ಅಂತ ಒಂದು ಸೆಕ್ಷನ್ ಸೇರಿಸಿದ್ರು. ವೇಬಿಲ್ಲೇ ರದ್ದು. ಹತ್ತಿರ ಹತ್ತಿರ 35 ಸಾವಿರ ಜನ ಮೀಸಾದಲ್ಲಿ ಒಳಗೆ ಹೋದ್ರು ಅಂತ ಆಮೇಲೆ ತುರ್ತು ಪರಿಸ್ಥಿತಿಯ ಅತಿರೇಕಗಳ ವಿಚಾರಣೆ ಮಾಡಿದ ಶಾ ಆಯೋಗ ಲೆಕ್ಕ ಕೊಟ್ಟಿದೆ. ನಮ್ಮ ಹೈಕೋರ್ಟೂ ಸೇರಿ ಹಲವು ಹೈಕೋರ್ಟುಗಳು ಬಂಧನದ ವಿರುದ್ಧದ "ಅರ್ಜಿ ಕೇಳ್ತೀವಿ" ಅಂದ್ವು, ಆದ್ರೆ 1976ರ ಏಪ್ರಿಲ್ 28ಕ್ಕೆ ಸುಪ್ರೀಂ ಕೋರ್ಟ್ 4-1ರಲ್ಲಿ ಕೇಳೋ ಹಾಗಿಲ್ಲ ಅಂದ್ಬಿಡ್ತು. ಆ ಒಂದು ವೋಟು ಜಸ್ಟಿಸ್ ಎಚ್.ಆರ್. ಖನ್ನಾ ಅವರದ್ದು. ಪೊಲೀಸಿನವನು ದ್ವೇಷಕ್ಕೆ ಯಾರನ್ನಾದ್ರೂ ಕೊಂದುಬಿಟ್ರೂ ಪರಿಹಾರ ಇಲ್ವಾ ಅಂತ ಅವರು ಕೇಳಿದ್ದಕ್ಕೆ, ತುರ್ತು ಪರಿಸ್ಥಿತಿ ಇರೋವರೆಗೆ ಇಲ್ಲ ಅಂತ ಸರ್ಕಾರದ ಪರ ಅಟಾರ್ನಿ ಜನರಲ್ ತುಂಬಿದ ಕೋರ್ಟಲ್ಲೇ ಒಪ್ಕೊಂಡ್ರು. ಖನ್ನಾ ಅವರಿಗೆ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ತು.

ಅದೇ ಬೆಂಗಳೂರು ಸೆಂಟ್ರಲ್ ಜೈಲಲ್ಲಿ ನಟಿ ಸ್ನೇಹಲತಾ ರೆಡ್ಡಿ ಎಂಟು ತಿಂಗಳಿದ್ರು, ಆಸ್ತಮಾ ಇದ್ದ ಹೆಂಗಸು. ಯಾವ ಬರೋಡಾ ಡೈನಮೈಟ್ ಕೇಸಿನ ಹೆಸರಲ್ಲಿ ಹಿಡಿದ್ರೋ ಅದರ ಚಾರ್ಜ್‌ಶೀಟಲ್ಲಿ ಕೊನೆಗೆ ಅವರ ಹೆಸರೇ ಇರ್ಲಿಲ್ಲ. 1977ರ ಜನವರಿ 15ಕ್ಕೆ ಪರೋಲ್ ಮೇಲೆ ಬಿಟ್ರು, 20ಕ್ಕೆ ತೀರ್ಕೊಂಡ್ರು. "ತಪ್ಪು ಮಾಡಿಲ್ಲ ಅಂದ್ರೆ ಏನು ಭಯ" ಅಂತ ಅಪ್ಪ ಮತ್ತೆ ಕೇಳಿದ್ರೆ ಈ ಐದು ದಿನದ ಲೆಕ್ಕ ಹೇಳಿ.

ಇನ್ನೊಂದು, ನಮ್ಮ ಕಾಡಂಚಿನ ಕಥೆ, ಇದನ್ನ ಬೆಂಗಳೂರಿನವರು ಬೇಗ ಮರೆತ್ರು. ವೀರಪ್ಪನ್‌ನ ಹಿಡಿಯೋಕೆ ಅಂತ ಎರಡು ರಾಜ್ಯದ ವಿಶೇಷ ಪೊಲೀಸ್ ಪಡೆ ಎಸ್‌ಟಿಎಫ್ ಮಲೆ ಮಹದೇಶ್ವರ ಬೆಟ್ಟದ ಸುತ್ತ ಬೀಡುಬಿಟ್ಟಿತ್ತು. ವೀರಪ್ಪನ್ ಸಾಮಾನ್ಯ ಕಳ್ಳ ಅಲ್ಲ, 1993ರ ಏಪ್ರಿಲಲ್ಲಿ ಪಾಲಾರ್ ಹತ್ರ ನೆಲಬಾಂಬ್ ಇಟ್ಟು ಒಂದೇ ದಿನ 22 ಜನರನ್ನ ಕೊಂದವನು, ಪೊಲೀಸ್ನೋರ ಸಿಟ್ಟು ಅರ್ಥ ಆಗುತ್ತೆ. ಆದ್ರೆ ಅವನು ಸಿಕ್ಕಿದ್ದು 2004ಕ್ಕೆ, ಅದಕ್ಕೂ ಮುಂಚೆ ಹತ್ತು ವರ್ಷ ಸಿಕ್ಕಿದ್ದು ಆ ಹಾಡಿ, ಪೋಡು, ಹಳ್ಳಿಗಳ ಜನ. ಅವನಿಗೆ ಅಕ್ಕಿ ಕೊಟ್ಟೆ, ದಾರಿ ತೋರಿಸ್ದೆ ಅಂತ ನೂರಕ್ಕೂ ಹೆಚ್ಚು ಜನರ ಮೇಲೆ ಟಾಡಾ, ಅಂದ್ರೆ ಆಗಿನ ಭಯೋತ್ಪಾದನೆ ತಡೆ ಕಾಯ್ದೆ, ಹಾಕಿದ್ರು. ಟಾಡಾದಲ್ಲಿ ಎಸ್‌ಪಿ ದರ್ಜೆ ಅಧಿಕಾರಿ ಮುಂದೆ ಹೇಳಿದ ತಪ್ಪೊಪ್ಪಿಗೆಯೇ ಸಾಕ್ಷಿ ಆಗ್ತಿತ್ತು, ಮಾಮೂಲಿ ಕಾನೂನಲ್ಲಿ ಪೊಲೀಸ್ ಮುಂದೆ ಹೇಳಿದ್ದಕ್ಕೆ ಬೆಲೆ ಇಲ್ಲ. ಆ ಒಂದು ಬೇಲಿ ಕಿತ್ತಿದ್ದಕ್ಕೆ ಏನಾಗುತ್ತೆ ಅಂತ ಯೋಚ್ನೆ ಮಾಡಿ: ತಪ್ಪೊಪ್ಪಿಗೆ ಬೇಕಾದ್ರೆ ತನಿಖೆ ಬೇಡ, ಒಂದು ರೂಮ್ ಸಾಕು. ಬೆಟ್ಟದ ಮೇಲಿದ್ದ ಅಂಥ ಜಾಗಕ್ಕೆ ಜನ ಇವತ್ತಿಗೂ "ವರ್ಕ್‌ಶಾಪ್" ಅಂತಾರೆ, ಆ ಪದ ಹೇಳೋವಾಗ ದನಿ ತಗ್ಗಿಸ್ತಾರೆ. ವರ್ಷಗಟ್ಲೆ ಮೈಸೂರು ಜೈಲಲ್ಲಿ ಕೊಳೆತ ಮೇಲೆ 2001ರಲ್ಲಿ ಟಾಡಾ ಕೋರ್ಟ್ ಅವರಲ್ಲಿ ಬಹುಪಾಲು ಜನರನ್ನ ಬಿಡುಗಡೆ ಮಾಡ್ತು. ಆ ಹೊತ್ತಿಗೆ ಟಾಡಾ ಕಾಯ್ದೆಯೇ ಸತ್ತು ಆರು ವರ್ಷ ಆಗಿತ್ತು! ರಾಷ್ಟ್ರೀಯ ಮಾನವ ಹಕ್ಕು ಆಯೋಗ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ಮಾಡಿ ವಿಚಾರಣೆ ನಡೆಸಿ, 2007ರಲ್ಲಿ 89 ಜನಕ್ಕೆ ಒಟ್ಟು 2.80 ಕೋಟಿ ಪರಿಹಾರ ಕೊಡಿ ಅಂತು. ಭಾಗಿಸಿ ನೋಡಿ, ತಲೆಗೆ ಸರಾಸರಿ ಮೂರು ಲಕ್ಷ ಚಿಲ್ಲರೆ.

ಇದನ್ನ ಪಕ್ಷದ ಕಣ್ಣಲ್ಲಿ ನೋಡ್ಬೇಡಿ. ಮೀಸಾ, ಟಾಡಾ ತಂದಿದ್ದು ಕಾಂಗ್ರೆಸ್, ಟಾಡಾ ಥರದ್ದೇ ಪೋಟಾ ತಂದಿದ್ದು ಬಿಜೆಪಿ ಮೈತ್ರಿಕೂಟ, ಯುಎಪಿಎಗೆ 2008ರಲ್ಲಿ ಒಬ್ರು ಹಲ್ಲು ಕಟ್ಟಿದ್ರೆ 2019ರಲ್ಲಿ ಇನ್ನೊಬ್ರು ಉಗುರು ಬೆಳೆಸಿದ್ರು. ಜಾತ್ಯತೀತ, ಸಂಭಾವಿತ ಅನ್ನಿಸ್ಕೊಂಡಿದ್ದ ರಾಮಕೃಷ್ಣ ಹೆಗಡೆಯವರೇ 1988ರಲ್ಲಿ ಫೋನ್ ಕದ್ದಾಲಿಕೆ ವಿವಾದದಲ್ಲಿ ಮುಖ್ಯಮಂತ್ರಿ ಕುರ್ಚಿ ಬಿಟ್ರು. "ತಾತ್ಕಾಲಿಕ" ಅನ್ನೋ ಮಾತನ್ನೂ ನಂಬ್ಬೇಡಿ: 1950ರ ಮುಂಜಾಗ್ರತಾ ಬಂಧನ ಕಾಯ್ದೆ ಒಂದು ವರ್ಷಕ್ಕೆ ಅಂತ ಬಂದಿದ್ದು 1969ರ ಕೊನೆವರೆಗೂ ಇತ್ತು.

ಕಾಗದ ಇದ್ರೆ ಎಲ್ಲಾ ಸರಿಹೋಗುತ್ತೆ ಅಂತ ನಾನು ಹೇಳ್ತಿಲ್ಲ, ಅಷ್ಟು ಅಮಾಯಕ ಆಗಿದ್ರೆ ಕೋರ್ಟಲ್ಲಿ ಬದುಕೋಕಾಗಲ್ಲ. ಯುಎಪಿಎ ಕೇಸಲ್ಲಿ ಚಾರ್ಜ್‌ಶೀಟ್ ಹಾಕೋಕೆ 180 ದಿನದವರೆಗೆ ಟೈಮ್ ಸಿಗುತ್ತೆ, ಜಾಮೀನಿಗೆ ಸೆಕ್ಷನ್ 43ಡಿ(5) ಅನ್ನೋ ಗೋಡೆ ಇದೆ, ಅಲ್ಲಿ ಪೊಲೀಸ್ರ ಕಾಗದವನ್ನ ಮೇಲ್ನೋಟಕ್ಕೆ ನಿಜ ಅಂತ ಇಟ್ಕೊಂಡೇ ಕೋರ್ಟ್ ನೋಡುತ್ತೆ. ವರ್ಷಗಟ್ಟಲೆ ವಿಚಾರಣೆ ಶುರುವಾಗಿಲ್ಲ ಅಂದ್ರೆ ಆ ಗೋಡೆ ದಾಟಿ ಜಾಮೀನು ಕೊಡ್ಬಹುದು ಅಂತ 2021ರ ನಜೀಬ್ ತೀರ್ಪು ಹೇಳಿದ್ರೂ ಎಲ್ಲರಿಗೂ ಅದು ಸಿಕ್ಕಿಲ್ಲ. ನಮ್ಮ ರಾಜ್ಯದ ಗೂಂಡಾ ಕಾಯ್ದೆಯಲ್ಲಿ ಕೇಸು ಸಾಬೀತಾಗದೇ ಒಂದು ವರ್ಷದವರೆಗೆ ಒಳಗಿಡ್ಬಹುದು. ಆದ್ರೆ ಅಲ್ಲೂ ಬಂಧನ ಆದೇಶ ಬಿದ್ದುಹೋಗೋದು ಸಾಮಾನ್ಯವಾಗಿ ಯಾವುದರಿಂದ ಗೊತ್ತಾ? ಕಾರಣದ ಪ್ರತಿ ಗೊತ್ತಿರೋ ಭಾಷೇಲಿ ಕೊಟ್ಟಿಲ್ಲ, ಮನವಿಗೆ ಟೈಮಿಗೆ ಉತ್ತರ ಕೊಟ್ಟಿಲ್ಲ, ಅಧಿಕಾರಿ ತಲೆ ಓಡಿಸಿಲ್ಲ, ಇಂಥದ್ರಿಂದ್ಲೇ. ಭಾಷೆ ವಿಷಯ 1962ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. "ರಾಷ್ಟ್ರೀಯ ಭದ್ರತೆ" ಅಂತ ಮುಚ್ಚಿದ ಲಕೋಟೆ ಕೊಟ್ಟು ಮಲಯಾಳಂ ಚಾನೆಲ್ ಒಂದರ ಲೈಸೆನ್ಸ್ ನಿಲ್ಲಿಸಿದ್ದನ್ನ 2023ರಲ್ಲಿ ಅದೇ ಕೋರ್ಟ್ ರದ್ದು ಮಾಡ್ತು, ಭದ್ರತೆ ಅನ್ನೋದನ್ನ ಗಾಳಿಯಲ್ಲಿ ಹೇಳಿದ್ರೆ ಆಗಲ್ಲ ಅಂತ.

ಪೋಸ್ಟರ್ ವಿಷಯಕ್ಕೆ ಬರೋಣ. ಶಾಂತಿಯುತ ಪ್ರತಿಭಟನೆಯ ಪೋಸ್ಟರ್ ಫೋನಲ್ಲಿರೋದು ಯಾವ ಅಪರಾಧನೂ ಅಲ್ಲ. 2019ರ ಡಿಸೆಂಬರಲ್ಲಿ ಸಿಎಎ ಗಲಾಟೆ ಟೈಮಲ್ಲಿ ಬೆಂಗಳೂರಿಗೆ 144 ಹಾಕಿ, ಟೌನ್ ಹಾಲ್ ಮುಂದೆ ಪ್ಲಕಾರ್ಡ್ ಹಿಡಿದು ನಿಂತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನ ಟಿವಿ ಕ್ಯಾಮೆರಾ ಮುಂದೇನೇ ಎಳ್ಕೊಂಡು ಹೋದ್ರಲ್ಲ. ಎರಡು ತಿಂಗಳ ಮೇಲೆ, 2020ರ ಫೆಬ್ರವರಿ 13ಕ್ಕೆ, ಆ 144 ಆದೇಶನೇ ಕಾನೂನುಬಾಹಿರ ಅಂತ ಹೈಕೋರ್ಟ್ ಹೇಳ್ತು. ಕಾರಣ? ಡಿಸಿಪಿಗಳು ಬರೆದ ಪತ್ರಗಳನ್ನ ಹಾಗೇ ಇಳಿಸ್ಕೊಂಡಿದ್ರು, ಕಮಿಷನರ್ ಸ್ವಂತ ಕಾರಣ ಬರ್ದಿರ್ಲಿಲ್ಲ. ನಾನು ಕೋರ್ಟ್ ಕ್ಯಾಂಟೀನಲ್ಲಿ ಆ ತೀರ್ಪಿನ ಬಗ್ಗೆ ಒಬ್ಬ ಹಿರಿಯ ಸರ್ಕಾರಿ ವಕೀಲರ ಹತ್ರ ಮಾತಾಡ್ತಿದ್ದಾಗ ಅವರು "ಎರಡು ಪ್ಯಾರಾ ಬರ್ದಿದ್ರೆ ಗೆಲ್ತಿದ್ವಿ ಕಣ್ರೀ" ಅಂದ್ರು. ಎರಡು ಪ್ಯಾರಾ ಬರೆಯೋಕೆ ಕೂತಿದ್ರೆ ಆ ಆದೇಶ ಬೇಕಾ ಬೇಡ್ವಾ ಅಂತ ಅಲ್ಲೇ ಗೊತ್ತಾಗ್ತಿತ್ತೇನೋ. ಈಗಂತೂ ಬೆಂಗಳೂರಲ್ಲಿ ಫ್ರೀಡಂ ಪಾರ್ಕ್ ಬಿಟ್ರೆ ಬೇರೆಲ್ಲೂ ಧರಣಿ ಕೂರೋ ಹಾಗಿಲ್ಲ. ಆ ಪಾರ್ಕೇ ಹಳೇ ಸೆಂಟ್ರಲ್ ಜೈಲು, ಅಡ್ವಾಣಿಯವರೂ ಸ್ನೇಹಲತಾ ಅವರೂ ಇದ್ದ ಜಾಗ.

ಈಗ ತಮ್ಮ ಮಾಡ್ಬೇಕಾಗಿರೋದು. ಬಿಳಿ ಹಾಳೆ ಮೇಲೆ ಕನ್ನಡದಲ್ಲೇ ಬರೀಲಿ: ಇಂಥ ತಾರೀಖು ಇಷ್ಟೊತ್ತಿಗೆ ಇಂಥ ಕಡೆ ನನ್ನ ಗಾಡಿ ನಿಲ್ಸಿ ಫೋನ್ ನೋಡಿದ್ರು, ಇಂಥ ದಿನ ಈ ನಂಬರಿಂದ ಕರೆ ಬಂತು, ನಾನು ತನಿಖೆಗೆ ಸಹಕರಿಸೋಕೆ ತಯಾರಿದ್ದೀನಿ, ಯಾವ ಪ್ರಕರಣದಲ್ಲಿ ಯಾವ ಸೆಕ್ಷನ್ ಕೆಳಗೆ ಕರೀತಿದ್ದೀರಿ ಅಂತ ಲಿಖಿತ ನೋಟಿಸ್ ಕೊಡಿ, ಊರಿನ ವಿಳಾಸ ಇದು, ಬೆಂಗಳೂರಿನ ವಿಳಾಸ ಇದು. ಬೈಗುಳ ಬೇಡ, ಭಾಷಣ ಬೇಡ. ಈ ಪತ್ರ ತಗೊಂಡು ಹಗಲು ಹೊತ್ತಲ್ಲೇ ಸ್ಟೇಷನ್‌ಗೆ ಹೋಗ್ಲಿ, ಒಬ್ಬನೇ ಬೇಡ, ವಕೀಲರ ಜೊತೆ. ವಿಚಾರಣೆ ಉದ್ದಕ್ಕೂ ಅಲ್ದಿದ್ರೂ ನಡುನಡುವೆ ವಕೀಲರನ್ನ ನೋಡೋ ಹಕ್ಕು ಸೆಕ್ಷನ್ 38ರಲ್ಲಿದೆ, ಅದು ಅರೆಸ್ಟ್ ಆದ್ಮೇಲಿನ ಮಾತು, ಆದ್ರೂ ಜೊತೇಲಿ ಒಬ್ರು ಕರಿ ಕೋಟು ಇದ್ರೆ ಮಾತಿನ ಧಾಟಿನೇ ಬದಲಾಗುತ್ತೆ. ವಕೀಲರಿಗೆ ದುಡ್ಡು ಹೊಂದಿಸೋಕಾಗಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, 15100ಕ್ಕೆ ಫೋನ್ ಮಾಡಿದ್ರೆ ದಾರಿ ಹೇಳ್ತಾರೆ, ಕಸ್ಟಡಿಯಲ್ಲಿರೋರಿಗೆ ಆದಾಯ ನೋಡದೇ ಕೊಡ್ತಾರೆ.

ಒಳಗೆ ಹೋದ ಟೈಮ್, ಆಚೆ ಬಂದ ಟೈಮ್ ಅಪ್ಪನಿಗೋ ನಿಮಗೋ ಮೆಸೇಜ್ ಹಾಕ್ಲಿ. ಸ್ಟೇಷನ್ ಒಳಗೆ ಸಿಸಿಟಿವಿ ಇರ್ಲೇಬೇಕು, ರೆಕಾರ್ಡಿಂಗ್ 18 ತಿಂಗಳು, ಅದಾಗದಿದ್ರೆ ಕಡೇಪಕ್ಷ ಒಂದು ವರ್ಷ ಇಡ್ಬೇಕು ಅಂತ 2020ರ ಸುಪ್ರೀಂ ಕೋರ್ಟ್ ಆದೇಶ ಇದೆ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆ ದಿನದ ಫುಟೇಜ್ ಕಾಯ್ದಿಡಿ ಅಂತ ಮಾರನೇ ದಿನವೇ ಬರ್ದು ಕೇಳಿ, "ಕ್ಯಾಮೆರಾ ಕೆಟ್ಟಿತ್ತು" ಅಂದ್ರೂ ಅದನ್ನ ಬರವಣಿಗೆಯಲ್ಲೇ ಹೇಳಿಸ್ಕೊಳ್ಳಿ. ಅಕಸ್ಮಾತ್ ಒಳಗೆ ಹೋದವನು ರಾತ್ರಿಯಾದ್ರೂ ಬರ್ಲಿಲ್ಲ, ಅರೆಸ್ಟೂ ತೋರಿಸ್ತಿಲ್ಲ ಅಂದ್ರೆ ಬೆಳಗಾಗೋದು ಕಾಯ್ಬೇಡಿ, ಹೈಕೋರ್ಟಲ್ಲಿ ಹೇಬಿಯಸ್ ಕಾರ್ಪಸ್, ಅಂದ್ರೆ ಆ ಮನುಷ್ಯನ್ನ ಕೋರ್ಟ್ ಮುಂದೆ ತಂದು ನಿಲ್ಸಿ ಅನ್ನೋ ಅರ್ಜಿ, ಹಾಕೋಕೆ ನಿಮ್ಮಪ್ಪನೋ ನೀವೋ ಅರ್ಜಿದಾರ ಆಗ್ಬಹುದು. 1978ರ 44ನೇ ತಿದ್ದುಪಡಿ ಆದ್ಮೇಲೆ, ತುರ್ತು ಪರಿಸ್ಥಿತಿ ಬಂದ್ರೂ ಈ ಬಾಗ್ಲು ಮುಚ್ಚೋಕಾಗಲ್ಲ.

ಇಷ್ಟೆಲ್ಲಾ ಆಗೋ ಸಾಧ್ಯತೆ ಕಡಿಮೆ. ಮುಕ್ಕಾಲು ಪಾಲು ಇಂಥ "ಬಂದು ಹೋಗು" ಕೇಸುಗಳು ಪತ್ರ ಕೊಟ್ಟ ದಿನವೇ ಮುಗೀತಾವೆ, ಪಿಎಸ್‌ಐ ಒಂದು ಸಾರಿ ಪತ್ರ, ಒಂದು ಸಾರಿ ಮುಖ ನೋಡಿ "ಏನಿಲ್ಲ ಹೋಗಪ್ಪ, ಸುಮ್ನೆ ಕೇಳೋಣ ಅಂತ ಕರೆದಿದ್ದು" ಅಂತಾರೆ. ಹಾಗಂದ್ರೂ ವಾಪಸ್ ಬರೋಕೆ ಮುಂಚೆ ಪತ್ರದ ಇನ್ನೊಂದು ಪ್ರತಿ ಮೇಲೆ ಸೀಲು, ತಾರೀಖು ಹಾಕಿಸ್ಕೊಂಡೇ ಬರ್ಲಿ. ಸೀಲ್ ಹಾಕಲ್ಲ ಅಂದ್ರೆ ಜಗಳ ಬೇಡ, ಹತ್ತಿರದ ಪೋಸ್ಟಾಫೀಸಿಗೆ ಹೋಗಿ ಅದೇ ಸ್ಟೇಷನ್ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡ್ಲಿ, ರಿಜಿಸ್ಟರ್ಡ್ ಪೋಸ್ಟನ್ನ ಈಗ ಅದರ ಜೊತೆಗೇ ಸೇರಿಸಿದ್ದಾರೆ. ರಸೀದಿ ಅಪ್ಪನ ಕೈಗೆ ಕೊಡಿ, ಟಿಕೆಟ್ ಕಂತೆ ಕಾಯ್ದು ಅಭ್ಯಾಸ ಇರೋರು, ಕಳೆಯಲ್ಲ.